ಕಂಪ್ಯೂಟರಿನಲ್ಲಿ ಬರೆಸಿದ್ದೆವು, ಆದರೂ ಅದೇ ಔಷಧಿ ಬಂತಲ್ಲ!

ಪ್ರಶ್ನೆ: ಮೇಡಂ, ಹಿಂದೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟಾಗ ನಮ್ಮ ಅಮ್ಮನಿಗೆ ಮೈಯೆಲ್ಲ ದದ್ದು ಎದ್ದು ಮುಖ ಊದಿಕೊಂಡಿತ್ತು. ಈಚೆಗೆ ಆಸ್ಪತ್ರೆಗೆ ಸೇರಿಸುವಾಗ ಇದನ್ನು ಹೇಳಿದೆವು, ಕಂಪ್ಯೂಟರಿನಲ್ಲಿ ಬರೆದುಕೊಂಡರು. ಆದರೂ ಮಾರನೇ ದಿನ ಆಗ್‌ಮೆಂಟಿನ್ ಬಂತು. ವಾರ್ಡಿನ ಸಿಸ್ಟರ್ ತಡೆದರು. ಕಂಪ್ಯೂಟರ್ ಯಾಕೆ ತಡೆಯಲಿಲ್ಲ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆ ಸಿಸ್ಟರ್‌ಗೆ ಥ್ಯಾಂಕ್ಸ್ ಹೇಳಿ ಬನ್ನಿ. ಆಗ್‌ಮೆಂಟಿನ್ ಅನ್ನುವ ಹೆಸರಲ್ಲಿ ಪೆನ್ಸಿಲಿನ್ನಿನ ಸುಳಿವೇ ಇಲ್ಲ. ಒಳಗಿರುವ ಅಮಾಕ್ಸಿಸಿಲಿನ್ ಮಾತ್ರ ಪೆನ್ಸಿಲಿನ್ ಗುಂಪಿನದೇ.

ಆಸ್ಪತ್ರೆ ಫಾರ್ಮಸಿಯಲ್ಲಿ ಕೂತು ನಾನು ಹೆಚ್ಚಾಗಿ ಕಂಡ ಕಾರಣ ಇದು: ಅಲರ್ಜಿಯನ್ನು ಅದಕ್ಕೆಂದೇ ಇರುವ ಪಟ್ಟಿಯಿಂದ ಆರಿಸಿರುವುದಿಲ್ಲ. ಟಿಪ್ಪಣಿಯ ಜಾಗದಲ್ಲಿ ‘ಪೆನ್ಸಿಲಿನ್ ಆಗಲ್ಲ’ ಅಂತ ಟೈಪ್ ಮಾಡಿರುತ್ತಾರೆ. ನಾವು ಓದಿದರೆ ಅರ್ಥವಾಗುತ್ತದೆ. ಆದರೆ ಸಾಮಾನ್ಯವಾಗಿ ಸಾಫ್ಟ್‌ವೇರ್ ಹೊಸ ಔಷಧಿಯ ಜೊತೆ ತಾಳೆ ನೋಡುವುದು ಪಟ್ಟಿಯಿಂದ ಆರಿಸಿದ ಹೆಸರನ್ನು ಮಾತ್ರ. ಇನ್ನು ಬ್ರ್ಯಾಂಡ್‌ಗಳ ಕಥೆ. ಹೊಸ ಬ್ರ್ಯಾಂಡ್ ಬಂದಾಗ ಬಿಲ್ಲಿಗೆ ಬೇಕಾದ ಬೆಲೆ, ಬ್ಯಾಚ್ ಎಲ್ಲ ತುಂಬುತ್ತಾರೆ. ಒಳಗಿರುವುದು ಯಾವ ಔಷಧಿ, ಯಾವ ಗುಂಪು ಅನ್ನುವುದನ್ನು ತುಂಬದೇ ಬಿಟ್ಟರೆ ಆ ಮಾತ್ರೆಗೂ ಅಲರ್ಜಿಗೂ ಸಂಬಂಧವೇ ಸಿಗುವುದಿಲ್ಲ.

ನನಗೆ ಜಾಸ್ತಿ ಭಯ ಇನ್ನೊಂದರದ್ದು. ಎಚ್ಚರಿಕೆ ಬಂದಿರುತ್ತದೆ, ಡಾಕ್ಟರು ಒಂದು ಬಟನ್ ಒತ್ತಿ ಮುಂದೆ ಹೋಗಿರುತ್ತಾರೆ. ಸುಮ್ನೆ ಅವರನ್ನು ಬೈಯಬೇಡಿ. ಅಲರ್ಜಿ ಎಚ್ಚರಿಕೆಗಳಲ್ಲಿ ಬಹುಪಾಲನ್ನು ವೈದ್ಯರು ಹೀಗೆ ದಾಟಿಹೋಗುತ್ತಾರೆ ಎಂದು ಅಧ್ಯಯನಗಳೇ ಹೇಳಿವೆ. ಯಾಕೆಂದರೆ ಬಹುಪಾಲು ಕೆಲಸಕ್ಕೆ ಬಾರದವು. ಪೆನ್ಸಿಲಿನ್ನಿನ ಹತ್ತಿರದ ನೆಂಟನಂತಿರುವ ಇನ್ನೊಂದು ಆ್ಯಂಟಿಬಯಾಟಿಕ್ ಗುಂಪು, ಸೆಫಲೋಸ್ಪೊರಿನ್ ಅನ್ನೇ ನೋಡಿ. ಪೆನ್ಸಿಲಿನ್ ಅಲರ್ಜಿ ಇರುವವರಲ್ಲಿ ಶೇ. 10ರಷ್ಟು ಮಂದಿಗೆ ಇದೂ ಆಗದು ಎಂದು ಹಳೆಯ ಪಠ್ಯಗಳಲ್ಲಿತ್ತು. ಈಗಿನ ಲೆಕ್ಕ ಸುಮಾರು ಶೇ. 2. ಅದೂ ಎರಡೂ ಔಷಧಿಗಳ ಅಣುವಿನ ಪಕ್ಕದ ಸರಪಳಿ, ಅಂದರೆ ಅಣುವಿನ ಪಕ್ಕಕ್ಕೆ ಅಂಟಿಕೊಂಡ ಭಾಗ, ಒಂದೇ ತರಹ ಇದ್ದರೆ ಅಪಾಯ ಹೆಚ್ಚು. ಅಮಾಕ್ಸಿಸಿಲಿನ್ ಮತ್ತು ಈ ಗುಂಪಿನ ಸೆಫಡ್ರಾಕ್ಸಿಲ್ ಹಾಗೆ, ಇದೇ ಗುಂಪಿನ ಸೆಫಜೋಲಿನ್ ಹಾಗಲ್ಲ. ಸಾಫ್ಟ್‌ವೇರ್ ಎಲ್ಲಕ್ಕೂ ಒಂದೇ ಕೆಂಪು ಪೆಟ್ಟಿಗೆ ತೋರಿಸಿದರೆ ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ, ಅಲ್ವಾ?

ಹಾಗಾಗಿ ಆಸ್ಪತ್ರೆಗಳಿಗೆ ನನ್ನ ಮಾತು: ಏನಾಯಿತು, ಯಾವಾಗ, ಎಷ್ಟು ತೀವ್ರ ಎಂದು ಕೇಳದೆ ಅಲರ್ಜಿ ದಾಖಲಿಸಬೇಡಿ. ಖಾಲಿ ಬಿಟ್ಟ ಜಾಗ ‘ಅಲರ್ಜಿ ಇಲ್ಲ’ ಎಂದಾಗಬಾರದು. ‘ಇನ್ನೂ ಕೇಳಿಲ್ಲ’ ಎಂದೇ ಕಾಣಬೇಕು. ಉಸಿರು ಕಟ್ಟಿದ, ಮುಖ ಊದಿದ ಇತಿಹಾಸವಿದ್ದು ಅದೇ ಗುಂಪಿನ ಔಷಧಿ ಬರೆದರೆ ಕಂಪ್ಯೂಟರ್ ನಿಲ್ಲಿಸಿಬಿಡಲಿ. ಉಳಿದದ್ದಕ್ಕೆ ಸಣ್ಣ ಸೂಚನೆ ಸಾಕು. ದಾಟಿ ಹೋದವರು ಕಾರಣ ಬರೆಯಲಿ, ಅದನ್ನು ಫಾರ್ಮಸಿಸ್ಟ್ ದಿನಾ ಓದಲಿ. ಯಾರೂ ಓದದ ಕಾರಣದ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನೀವು ಮಾಡಬಹುದಾದದ್ದು. ಒಂದು ಚೀಟಿಯಲ್ಲಿ ‘ಪೆನ್ಸಿಲಿನ್ ಇಂಜೆಕ್ಷನ್, ದದ್ದು, ಮುಖದ ಊತ’, ಜೊತೆಗೆ ಸುಮಾರು ಯಾವ ವರ್ಷ ಎಂದು ಬರೆದು ಅಮ್ಮನ ಪರ್ಸಿನಲ್ಲಿಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದು ಇದೆಯೇ ಎಂದು ನೋಡಿಯೇ ಮನೆಗೆ ಹೊರಡಿ. ಚೇತರಿಸಿಕೊಂಡ ಮೇಲೆ ಅಲರ್ಜಿ ತಜ್ಞರಿಗೆ ತೋರಿಸಿ. ಪೆನ್ಸಿಲಿನ್ ಅಲರ್ಜಿ ಎಂದು ಬರೆಸಿಕೊಂಡ 100 ಜನರನ್ನು ಸರಿಯಾಗಿ ಪರೀಕ್ಷಿಸಿದರೆ 90ಕ್ಕಿಂತ ಹೆಚ್ಚು ಮಂದಿಗೆ ಈಗ ಅಲರ್ಜಿ ಇರುವುದಿಲ್ಲ. ಆದರೆ ಅಮ್ಮನ ಮುಖ ಊದಿತ್ತು, ಹಾಗಾಗಿ ಪರೀಕ್ಷೆ ಆಗುವ ತನಕ ಅಲರ್ಜಿ ಇದೆ ಎಂದೇ ನಡೆಯಿರಿ. ಮನೆಯಲ್ಲಿ ಅರ್ಧ ಮಾತ್ರೆ ಕೊಟ್ಟು ನೋಡುವ ಸಾಹಸವಂತೂ ಬೇಡವೇ ಬೇಡ.

ಪ್ರಶ್ನೆ: ನೋವಿನ ಮಾತ್ರೆ ಡೈಕ್ಲೋಫೆನಾಕ್ ತೆಗೆದುಕೊಂಡರೆ ನನಗೆ ಹೊಟ್ಟೆ ಉರಿ. ಅಲರ್ಜಿ ಅಂತ ಬರೆಸಲೇ?
– ಓದುಗರು, ಹಾಸನ

ಉತ್ತರ: ಬೇಡ. ಅದು ಅಡ್ಡಪರಿಣಾಮ. ‘ಹೊಟ್ಟೆ ಉರಿ ಬರುತ್ತದೆ’ ಎಂದೇ ಬೇರೆಯಾಗಿ ಬರೆಸಿ. ಹಿಂದೆ ಹುಣ್ಣು, ರಕ್ತಸ್ರಾವ ಆಗಿದ್ದರೆ ಅದನ್ನೂ ಹೇಳಿ. ಉರಿಯನ್ನೂ ಅಲರ್ಜಿ ಪಟ್ಟಿಗೆ ಸೇರಿಸಿದರೆ, ಶಿವಮೊಗ್ಗದ ಆ ಅಮ್ಮನಂಥವರ ಎಚ್ಚರಿಕೆ ಅದರ ನಡುವೆ ಕಳೆದುಹೋಗುತ್ತದೆ.