ಡಿಸ್ಕ್ ತುಂಬಿದೆ, ಪ್ರೂನ್ ಕೊಡಬಹುದೇ?

ಪ್ರಶ್ನೆ: ಪಣಂಬೂರಿನ ಸಮೀಪ ಸಣ್ಣ ಸರಕು ಸಾಗಣೆ ಕಚೇರಿಯೊಂದರ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಬಿಲ್ಲಿಂಗ್ ತಂತ್ರಾಂಶ ಹಾಗೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎರಡೂ ಡಾಕರ್ ಕಂಟೇನರ್‌ಗಳಲ್ಲಿ (ಪ್ರತಿ ತಂತ್ರಾಂಶವನ್ನೂ ಬೇರೆಬೇರೆಯಾಗಿ ಓಡಿಸುವ ಆವರಣಗಳಲ್ಲಿ) ಇವೆ. ಡಿಸ್ಕ್ ಪೂರ್ತಿ ತುಂಬಿ ಡೇಟಾಬೇಸ್ ನಿಂತುಹೋಗಿದೆ. ‘ಡಾಕರ್ ಸಿಸ್ಟಮ್ ಪ್ರೂನ್ -ಎ --ವಾಲ್ಯೂಮ್ಸ್’ ಕೊಟ್ಟರೆ ಸರಿಹೋಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಕೊಡಬಹುದೇ ಸರ್?
– ಓದುಗರೊಬ್ಬರು, ಮಂಗಳೂರು

ಉತ್ತರ: ದಯವಿಟ್ಟು ಕೊಡಬೇಡಿ. ಡೇಟಾಬೇಸ್ ನಿಂತಿರುವ ಈ ಹೊತ್ತಿನಲ್ಲಂತೂ ಖಂಡಿತ ಬೇಡ. ಬಳಕೆಯಲ್ಲಿಲ್ಲದ್ದನ್ನು ತೆಗೆದುಹಾಕುವ ಪ್ರೂನ್ ಕಮಾಂಡ್, ಓಡುತ್ತಿರುವ ಕಂಟೇನರ್‌ಗಳನ್ನು ಮುಟ್ಟುವುದಿಲ್ಲ, ಆದರೆ ನಿಂತಿರುವವುಗಳನ್ನೆಲ್ಲ ಬೇಡವಾದವೆಂದೇ ತಿಳಿದು ಅಳಿಸುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ, ತಾನಾಗಿ ಮರಳಿ ಆರಂಭವಾಗುವ ವ್ಯವಸ್ಥೆಯಿಲ್ಲದ ಕಂಟೇನರ್‌ಗಳು ನಿಂತೇ ಇರುತ್ತವೆ ಎಂಬುದನ್ನೂ ನೆನಪಿಡಿ.

ಹೆಚ್ಚಿನ ಅಪಾಯವಿರುವುದು ವಾಲ್ಯೂಮಿನಲ್ಲಿ, ಅಂದರೆ ಕಂಟೇನರಿನ ಡೇಟಾ ಇಡುವ ಜಾಗದಲ್ಲಿ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜಿನಿಂದ (ಕಂಟೇನರ್ ತಯಾರಿಸುವ ಅಚ್ಚಿನಿಂದ) ಕಂಟೇನರ್ ಆರಂಭಿಸುವಾಗ ನೀವು ಏನನ್ನೂ ಸೂಚಿಸದಿದ್ದರೆ, ಡೇಟಾ ಇಡಲು ಡಾಕರ್ ತಾನೇ ಒಂದು ಅನಾಮಧೇಯ ವಾಲ್ಯೂಮ್ ಮಾಡಿ, ಅದಕ್ಕೆ 64 ಅಕ್ಷರಗಳ ಗುರುತು ಕೊಡುತ್ತದೆ. ಕಂಟೇನರ್ ಅಳಿದೊಡನೆ ಆ ವಾಲ್ಯೂಮಿಗೆ ವಾರಸುದಾರರಿಲ್ಲದಂತಾಗುವುದರಿಂದ, ನಿಮ್ಮ ಸ್ನೇಹಿತರು ಹೇಳಿದ ಕಮಾಂಡ್ ಅದನ್ನೂ, ಅದರೊಳಗಿನ ನಿಮ್ಮ ಬಿಲ್ಲುಗಳನ್ನೂ ಒಟ್ಟಿಗೇ ಅಳಿಸಿಬಿಡುತ್ತದೆ. ಹೆಸರಿಟ್ಟ ವಾಲ್ಯೂಮ್‌ಗಳು ಈಚಿನ ಆವೃತ್ತಿಗಳಲ್ಲಿ ಪಾರಾಗುತ್ತವೆ. ಹಳೆಯ ಆವೃತ್ತಿಗಳಲ್ಲಿ ಬಳಕೆಯಲ್ಲಿಲ್ಲದಿದ್ದರೆ ಅವೂ ಹೋಗುತ್ತಿದ್ದವು. ‘ಡಾಕರ್ ಇನ್‌ಸ್ಪೆಕ್ಟ್’ ಕೊಟ್ಟು, ಅದರ ‘ಮೌಂಟ್ಸ್’ ಭಾಗದಲ್ಲಿ ಇರುವುದು ಹೆಸರೋ ಉದ್ದನೆಯ ಗುರುತೋ ನೋಡಿ.

ಜಾಗ ತಿಂದದ್ದು ಯಾವುದೆಂದು ‘ಡಾಕರ್ ಸಿಸ್ಟಮ್ ಡಿಎಫ್’ ತೋರಿಸುತ್ತದೆ, ಆದರೆ ಅದು ಕಂಟೇನರ್‌ಗಳ ಲಾಗ್ (ಕೆಲಸದ ದಾಖಲೆ) ಫೈಲುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸದಾಗಿ ಅನುಸ್ಥಾಪಿಸಿದ ಡಾಕರ್‌ನಲ್ಲಿ ಲಾಗಿಗೆ ಮಿತಿಯೇ ಇರುವುದಿಲ್ಲವಾದ್ದರಿಂದ, ನನ್ನ ಮೊದಲ ಅನುಮಾನ ಅದರ ಮೇಲೆಯೇ. ‘/ವಾರ್/ಲಿಬ್/ಡಾಕರ್/ಕಂಟೇನರ್ಸ್’ ಫೋಲ್ಡರಿನಲ್ಲಿ, ಫೈಲುಗಳು ಹಿಡಿದ ಜಾಗ ತೋರಿಸುವ ‘ಡಿಯು’ ಓಡಿಸಿ ನೋಡಿ. ದೊಡ್ಡ ಲಾಗ್ ಕಂಡರೆ ಫೈಲನ್ನು ಅಳಿಸದೆ ‘ಟ್ರಂಕೇಟ್ -ಎಸ್ 0’ ಕೊಟ್ಟು ಬರಿದು ಮಾಡಿ. ಅಳಿಸಿದರೆ, ಡಾಕರ್ ಆ ಫೈಲನ್ನು ತೆರೆದಿಟ್ಟುಕೊಂಡಿರುವವರೆಗೆ ಜಾಗ ಮರಳಿ ಸಿಗುವುದಿಲ್ಲ. ಇಮೇಜ್ ಕಟ್ಟುವಾಗ ಉಳಿದ ಕ್ಯಾಶ್ (ತಾತ್ಕಾಲಿಕ ಕಡತಗಳು) ತೆಗೆಯಲು ‘ಡಾಕರ್ ಬಿಲ್ಡರ್ ಪ್ರೂನ್’ ಸಾಕು. ಅದು ಡೇಟಾವನ್ನು ಮುಟ್ಟುವುದಿಲ್ಲ.

ಹೀಗೆ ಜಾಗವಾದ ಮೇಲೆ ಡೇಟಾಬೇಸ್ ಆರಂಭಿಸಿ, ಕಂಟೇನರಿನೊಳಗೆ ಕಮಾಂಡ್ ಓಡಿಸುವ ‘ಡಾಕರ್ ಎಕ್ಸೆಕ್’ ಮೂಲಕ ‘ಪಿಜಿ ಡಂಪ್’ (ಡೇಟಾಬೇಸಿನ ನಕಲು) ತೆಗೆದು, ಪ್ರತಿಯನ್ನು ಬೇರೆ ಕಂಪ್ಯೂಟರಿಗೆ ಸಾಗಿಸಿ. ಆನಂತರವೇ ಲಾಗಿಗೆ ಮಿತಿ ಹಾಕಿ: ‘ಮ್ಯಾಕ್ಸ್-ಸೈಜ್’ (ಒಂದು ಫೈಲಿನ ಗಾತ್ರ) 10 ಎಂಬಿ, ‘ಮ್ಯಾಕ್ಸ್-ಫೈಲ್’ (ಫೈಲುಗಳ ಸಂಖ್ಯೆ) 3 ಎಂದು ಕೊಟ್ಟರೆ ಒಂದು ಕಂಟೇನರಿನ ಲಾಗ್ ಸುಮಾರು 30 ಎಂಬಿ ದಾಟದು. ಈ ಮಿತಿ ಹೊಸದಾಗಿ ರಚಿಸಿದ ಕಂಟೇನರ್‌ಗಳಿಗಷ್ಟೇ ಅನ್ವಯಿಸುವುದರಿಂದ ನೀವು ಡೇಟಾಬೇಸ್ ಕಂಟೇನರನ್ನು ಮತ್ತೆ ರಚಿಸಬೇಕಾಗುತ್ತದೆ. ಆಗ ತಪ್ಪದೆ ಹೆಸರಿಟ್ಟ ವಾಲ್ಯೂಮ್ ಜೋಡಿಸಿ, ಡಂಪನ್ನು ಅದರೊಳಗೆ ತುಂಬಿ, ಬಿಲ್ಲುಗಳು ಕಾಣುತ್ತಿವೆಯೇ ಎಂದು ಪರೀಕ್ಷಿಸಿ. ಅಲ್ಲಿಯವರೆಗೆ ಹಳೆಯ ಕಂಟೇನರನ್ನು ನಿಲ್ಲಿಸಿ, ಹಾಗೆಯೇ ಇರಲು ಬಿಡಿ.