ಮೀಟರ್ 12 ವೋಲ್ಟ್ ತೋರಿಸಿದ ಮಾತ್ರಕ್ಕೆ ಅಡಾಪ್ಟರ್ ಸರಿಯಿದೆ ಅಂತಲ್ಲ

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಗುಡುಗು ಮಳೆ ಬಂದ ದಿನ ಕರೆಂಟ್ ಹೋಗಿ ಬಂದ ಮೇಲೆ ವೈಫೈ ರೂಟರ್ ಕೈಕೊಟ್ಟಿದೆ. ದೀಪಗಳು ಹತ್ತುತ್ತವೆ, ಅರ್ಧ ನಿಮಿಷಕ್ಕೆ ಎಲ್ಲ ಆರಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಮಂಡ್ಯದ ಅಂಗಡಿಯಲ್ಲಿ ಅಡಾಪ್ಟರ್‌ಗೆ ಮೀಟರ್ ಇಟ್ಟು, '12.1 ವೋಲ್ಟ್ ಬರ್ತಿದೆ, ಇದು ಚೆನ್ನಾಗಿದೆ, ರೂಟರೇ ಹೋಗಿದೆ, ಹೊಸದು ತಗೊಳ್ಳಿ' ಅಂದರು. ತಗೊಂಡುಬಿಡಲಾ ಸಾರ್?

ಉತ್ತರ: ಸ್ವಲ್ಪ ತಡೆಯಿರಿ. ನೀವು ಹೇಳಿದ್ದನ್ನು ನೋಡಿದರೆ ನನಗೆ ಅನುಮಾನ ಅಡಾಪ್ಟರ್ ಮೇಲೆಯೇ. ರೂಟರ್ ಪೂರ್ತಿ ಸುಟ್ಟಿದ್ದರೆ ಸಾಮಾನ್ಯವಾಗಿ ದೀಪವೇ ಹತ್ತುವುದಿಲ್ಲ. ಹತ್ತಿ, ವೈಫೈ ಶುರುವಾಗುವ ಹೊತ್ತಿಗೆ ಆರಿಹೋಗುತ್ತಿದೆ ಅಂದರೆ, ಕೆಲಸ ಜಾಸ್ತಿಯಾದಾಗ ಬೇಕಾದಷ್ಟು ಕರೆಂಟ್ ಸಿಗುತ್ತಿಲ್ಲ ಅಂತಲೇ ಮೊದಲು ಯೋಚಿಸಬೇಕು.

ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಅವರು ನೋಡಿದ್ದು ಏನೂ ಜೋಡಿಸದ ಅಡಾಪ್ಟರನ್ನು. ಕೊಟ್ಟಿಗೆಯಲ್ಲಿ ನಿಂತ ಎತ್ತೆಲ್ಲ ಗಟ್ಟಿಯಾಗೇ ಕಾಣುತ್ತದೆ, ಕಬ್ಬಿನ ಗಾಡಿಗೆ ಕಟ್ಟಿದಾಗ ತಾನೇ ಗೊತ್ತಾಗೋದು? ಅಡಾಪ್ಟರ್ ಒಳಗೆ ಕರೆಂಟನ್ನು ಹಿಡಿದಿಟ್ಟು ಕೊಡುವ ಕೆಪಾಸಿಟರ್‌ಗಳು ಬಿಸಿಗೆ ವರ್ಷಗಟ್ಟಲೆ ಒಣಗುತ್ತಾ ಬರುತ್ತವೆ. ಆಮೇಲೆ ಮೀಟರ್‌ಗೆ 12 ವೋಲ್ಟ್ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ರೂಟರ್ ಅರ್ಧ ಆಂಪಿಯರ್ ಕೇಳಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ. ಅಡಾಪ್ಟರ್ ಮೇಲಿನ ಪುಟ್ಟ ದೀಪವನ್ನಂತೂ ನಂಬಲೇಬೇಡಿ. ಅದು ಹತ್ತೋಕೆ ಏನೂ ಬೇಕಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ್ದು ಬೇರೆ ಅಡಾಪ್ಟರ್ ಹಾಕಿ ನೋಡುವುದು. ಮನೆಯಲ್ಲೋ ಪಕ್ಕದ ಮನೆಯಲ್ಲೋ ಸೆಟ್‌ಟಾಪ್ ಬಾಕ್ಸ್‌ದು ಇರುತ್ತದೆ, ಅಲ್ವಾ? ಅದರ ಚೀಟಿಯಲ್ಲಿ 'ಔಟ್‌ಪುಟ್' ಅಂತ ಇರುವ ಸಾಲನ್ನು ಓದಿ. ವೋಲ್ಟ್ ನಿಮ್ಮ ಅಡಾಪ್ಟರ್‌ನಷ್ಟೇ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಆಂಪಿಯರ್ ಅಷ್ಟೇ ಇರಲಿ, ಇಲ್ಲ ಜಾಸ್ತಿ ಇರಲಿ. 1 ಆಂಪಿಯರ್ ಬೇಕಾದ ರೂಟರ್‌ಗೆ 2 ಆಂಪಿಯರ್‌ನದು ಹಾಕಿದರೆ ಸುಟ್ಟುಹೋಗುತ್ತೆ ಅನ್ನೋದು ಸುಮ್ನೆ ಹೆದರಿಕೆ. ತನಗೆ ಬೇಕಾದಷ್ಟನ್ನೇ ರೂಟರ್ ಎಳೆದುಕೊಳ್ಳುತ್ತದೆ. ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಎಂದು ತೋರಿಸುವ ಗುಂಡನೆ ಚಿತ್ರವೂ ಎರಡರಲ್ಲಿ ಒಂದೇ ಆಗಿರಬೇಕು. ಪಿನ್ ಸರಿಯಾಗಿ ಕೂತಿತು ಅಂತ ಹಾಕಿಬಿಡಬೇಡಿ. 9 ವೋಲ್ಟ್‌ನ ಪಿನ್ನೂ 12 ವೋಲ್ಟ್‌ನ ಪಿನ್ನೂ ಎಷ್ಟೋ ಸಲ ಒಂದೇ ಅಳತೆಯವು.

ಬೇರೆ ಅಡಾಪ್ಟರ್‌ನಲ್ಲಿ ರೂಟರ್ ನೆಟ್ಟಗೆ ಓಡಿದರೆ ವಿಷಯ ಮುಗಿಯಿತು.

ಅಂಥದ್ದು ಸಿಗದಿದ್ದರೆ ಸಿಸಿಟಿವಿ ಸಾಮಾನಿನ ಅಂಗಡಿಯಲ್ಲಿ ಸ್ಕ್ರೂ ಇರುವ ಡಿಸಿ ಪಿನ್‌ಗಳು ಸಿಗುತ್ತವೆ. ಗಂಡು, ಹೆಣ್ಣು ಒಂದೊಂದು ತಂದು, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ವೈರ್ ಕೊಟ್ಟು, ಅಡಾಪ್ಟರ್ ಮತ್ತು ರೂಟರ್ ನಡುವೆ ಹಾಕಿ. ರೂಟರ್ ಓಡುತ್ತಿರುವಾಗಲೇ ಆ ಸ್ಕ್ರೂಗಳ ಮೇಲೆ ಮೀಟರ್ ಇಡಿ, ಡಿಸಿ 20 ವೋಲ್ಟ್‌ನಲ್ಲಿ. 12ರ ಹತ್ತಿರ ಅಲ್ಲಾಡದೆ ನಿಂತಿದ್ದರೂ ರೂಟರ್ ಆರಿ ಹತ್ತುತ್ತಿದ್ದರೆ ದೋಷ ಹೆಚ್ಚಾಗಿ ರೂಟರ್‌ನದ್ದು. 8, 9ಕ್ಕೆ ಬಿದ್ದು ಏಳುತ್ತಿದ್ದರೆ ಬಹುಪಾಲು ಅಡಾಪ್ಟರ್. ಇದೆಲ್ಲಕ್ಕೂ ಮುಂಚೆ ಪಿನ್ ಬುಡದಲ್ಲಿ ವೈರನ್ನು ಒಮ್ಮೆ ಆಡಿಸಿ ನೋಡಿ. ಒಳಗೆ ತಂತಿ ತುಂಡಾಗಿ ತಾಗಿಯೂ ತಾಗದಂತಿರುವುದು ತೀರಾ ಸಾಮಾನ್ಯ.

'ಬಹುಪಾಲು' ಅಂದದ್ದಕ್ಕೆ ಕಾರಣವಿದೆ. ರೂಟರ್ ಒಳಗೇ ಶಾರ್ಟ್ ಆಗಿದ್ದರೆ ಒಳ್ಳೆಯ ಅಡಾಪ್ಟರ್ ಕೂಡ ತನ್ನನ್ನು ಉಳಿಸಿಕೊಳ್ಳಲು ಕರೆಂಟ್ ನಿಲ್ಲಿಸುತ್ತದೆ. ಆಗ ಪಿನ್ ಚುಚ್ಚಿದ ತಕ್ಷಣ ಅಡಾಪ್ಟರ್‌ನ ದೀಪ ಮಂಕಾಗುತ್ತದೆ ಅಥವಾ ಮಿಣುಕುತ್ತದೆ, ತೆಗೆದರೆ ಮತ್ತೆ ಬರುತ್ತದೆ. ಬೇರೆ ಅಡಾಪ್ಟರ್‌ನಲ್ಲೂ ಹಾಗೇ ಆದರೆ ರೂಟರ್ ಬಿಚ್ಚಿಸಬೇಕು. ಸಿಡಿಲಿನ ಕರೆಂಟ್ ತಡೆಯಲು ಇಟ್ಟಿರುವ ಸಣ್ಣ ಡಯೋಡ್ ಒಂದೇ ಹೋಗಿರಬಹುದು. ಅದು ದೊಡ್ಡ ಖರ್ಚಲ್ಲ.

ಅಡಾಪ್ಟರನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ. 230 ವೋಲ್ಟ್ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕೆಪಾಸಿಟರ್‌ನಲ್ಲಿ ಉಳಿದಿರಬಹುದು. 12 ವೋಲ್ಟ್ 1 ಆಂಪಿಯರ್‌ನ ಹೊಸದಕ್ಕೆ ರೂಟರ್‌ನಷ್ಟು ದುಡ್ಡೇನೂ ಬೇಕಿಲ್ಲ. ಬಿಐಎಸ್ (ಸರ್ಕಾರಿ ಗುಣಮಟ್ಟದ) ಗುರುತು ಇರುವುದನ್ನೇ ಕೇಳಿ ತಗೊಳ್ಳಿ.

ಇನ್ನೊಂದು ಮಾತು. ಪಂಪ್‌ಸೆಟ್‌ಗಳು ಶುರುವಾದಾಗ ವೋಲ್ಟೇಜ್ ಇಳಿಯುತ್ತಲ್ಲ, ಅದಕ್ಕೇ ಅಡಾಪ್ಟರ್ ಹೋಯ್ತು ಅಂತ ನಿಮ್ಮ ಕಡೆ ಹೇಳುತ್ತಾರೆ. ಈ ಅಡಾಪ್ಟರ್‌ಗಳ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತದೆ, ಕಡಿಮೆ ವೋಲ್ಟೇಜನ್ನು ಚೆನ್ನಾಗಿಯೇ ತಡೆಯುತ್ತವೆ. ಕೊಲ್ಲುವುದು ಸಿಡಿಲು, ಇಲ್ಲವೇ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಸಡಿಲಾಗುವುದು. ನ್ಯೂಟ್ರಲ್ ತಪ್ಪಿದರೆ ಮನೆಗೆ 400 ವೋಲ್ಟ್‌ವರೆಗೂ ಬರಬಹುದು. ಅದೇ ದಿನ ಎಲ್ಇಡಿ ಬಲ್ಬು, ಟಿವಿ ಕೂಡ ಹೋಗಿದ್ದರೆ, ಅಥವಾ ದೀಪಗಳು ಒಮ್ಮೊಮ್ಮೆ ವಿಪರೀತ ಜೋರಾಗಿ ಉರಿಯುತ್ತಿದ್ದರೆ, ಮೇನ್ ಸ್ವಿಚ್ ಆರಿಸಿ ಕರೆಂಟ್ ಕಂಪನಿಯ ದೂರು ನಂಬರ್ 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬಂದು ಕಂಬದ ನ್ಯೂಟ್ರಲ್ ನೋಡುವವರೆಗೆ ಹೊಸ ಅಡಾಪ್ಟರನ್ನೂ ಚುಚ್ಚಬೇಡಿ.