ಎರಡು ದೇಶಗಳ ಜಂಟಿ ಆರೋಗ್ಯ ಸಂಶೋಧನೆ ನ್ಯಾಯಯುತವಾಗಿರಲು ಒಪ್ಪಂದದಲ್ಲಿ ಏನಿರಬೇಕು?

ಹಣದ ಮಾತಿಗಿಂತ ಮೊದಲು ರಕ್ತದ ಮಾದರಿ, ದತ್ತಾಂಶ ಯಾರ ಕೈಯಲ್ಲಿ ಉಳಿಯುತ್ತವೆ ಎಂಬುದನ್ನು ಬರೆದುಕೊಳ್ಳಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ. 2007ರಲ್ಲಿ ಇಂಡೋನೇಷ್ಯಾ ತನ್ನ ಎಚ್5ಎನ್1 ಹಕ್ಕಿಜ್ವರದ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯಗಳ ಜಾಲಕ್ಕೆ ಕಳಿಸಲು ನಿರಾಕರಿಸಿತು. ವೈರಸ್ ನಮ್ಮಿಂದ ಹೋಗುತ್ತದೆ, ಅದರಿಂದಾದ ಲಸಿಕೆ ಮಾತ್ರ ನಮಗೆ ಎಟುಕುವುದಿಲ್ಲ ಎಂಬುದು ಅದರ ತಕರಾರು. ಮಾದರಿ ಹಂಚಿಕೆಯನ್ನೂ ಲಾಭ ಹಂಚಿಕೆಯನ್ನೂ ಜೋಡಿಸುವ ಚೌಕಟ್ಟು ಬಂದದ್ದು 2011ರಲ್ಲಿ.

ಹಾಗಾಗಿ ಮಾದರಿ ವರ್ಗಾವಣೆ ಒಪ್ಪಂದದಲ್ಲಿ ಬಳಕೆಯ ಉದ್ದೇಶ, ಇಟ್ಟುಕೊಳ್ಳುವ ಅವಧಿ, ಮೂರನೆಯವರಿಗೆ ಕೊಡಬಹುದೇ, ಉಳಿದದ್ದನ್ನು ಮರಳಿಸಬೇಕೇ ಅಥವಾ ನಾಶಪಡಿಸಬೇಕೇ, ಪೇಟೆಂಟ್ ಬಂದರೆ ಯಾರ ಪಾಲೆಷ್ಟು ಎಂಬುದೆಲ್ಲ ಇರಲಿ. ‘ಮುಂದಿನ ಸಂಶೋಧನೆಗಾಗಿ’ ಎಂದಷ್ಟೇ ಬರೆದರೆ ಅದರೊಳಗೆ ಏನು ಬೇಕಾದರೂ ತೂರಿಕೊಳ್ಳುತ್ತದೆ. ಇಲ್ಲಿ ಹಲವರು, ಜೈವಿಕ ಸಂಪನ್ಮೂಲದ ಲಾಭವನ್ನು ಅದನ್ನು ಕೊಟ್ಟ ದೇಶದೊಂದಿಗೆ ಹಂಚಿಕೊಳ್ಳಬೇಕೆನ್ನುವ ಅಂತರರಾಷ್ಟ್ರೀಯ ನಗೋಯಾ ಒಪ್ಪಂದವನ್ನು ನೆಚ್ಚಿಕೊಳ್ಳುತ್ತಾರೆ. 2014ರಿಂದ ಜಾರಿಯಲ್ಲಿರುವ ಅದು ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳಿಗೆ ಸಂಬಂಧಿಸಿದ್ದು. ಮನುಷ್ಯರ ಆನುವಂಶಿಕ ಮಾದರಿ ಅದರ ವ್ಯಾಪ್ತಿಯಲ್ಲಿಲ್ಲ.

ನೈತಿಕ ಸಮಿತಿಯ ಅನುಮತಿ ಎರಡೂ ದೇಶಗಳಲ್ಲಿ ಬೇಕು. ಹಣ ಕೊಡುವ ದೇಶದ ಸಮಿತಿಗೆ ಸ್ಥಳೀಯ ಭಾಷೆಯ ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುತ್ತದೋ ಇಲ್ಲವೋ ತಿಳಿಯದು. ಅರ್ಜಿಗಳನ್ನು ಒಂದಾದ ಮೇಲೊಂದು ಹಾಕದೆ ಒಟ್ಟಿಗೇ ಹಾಕಿದರೆ ಸಮಯ ಉಳಿಯುತ್ತದೆ.

ಔಷಧ ಪ್ರಯೋಗವಾದರೆ, ಅದು ಮುಗಿದ ಮೇಲೆ ಔಷಧದಿಂದ ಗುಣ ಕಂಡವರಿಗೆ ಪೂರೈಕೆ ಯಾರದು ಎಂಬುದನ್ನು ಆರಂಭಕ್ಕೂ ಮೊದಲೇ ನಿರ್ಧರಿಸಿ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೈತಿಕ ತತ್ವಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯೂ ಇದನ್ನೇ ಕೇಳುತ್ತದೆ.